ಮೆಥಿಯೋನಿಲ್-ಟಿಆರ್‌ಎನ್‌ಎ ಸಿಂಥೆಟೇಸ್

ಮೆಥಿಯೋನಿಲ್-ಟಿಆರ್‌ಎನ್‌ಎ ಸಿಂಥೆಟೇಸ್ ಎಂಬುದು ಮೆಥಿಯೋನಿನ್ ಎಂಬ ಅಮೈನೋ ಆಮ್ಲವನ್ನು ಅದಕ್ಕೆ ಸಲ್ಲುವ ಟಿಆರ್‌ಎನ್‌ಎಗೆ, ಅಂದರೆ ವರ್ಗಾವಣೆ ಆರ್‌ಎನ್‌ಎ ಅಣುವಿಗೆ, ಜೋಡಿಸುವ ಕಿಣ್ವ. ಜೋಡಣೆ ತಪ್ಪಿದರೆ ರೈಬೋಸೋಮ್ ಅದನ್ನು ಸಾಮಾನ್ಯವಾಗಿ ಪತ್ತೆಹಚ್ಚಲಾರದು. ಪ್ರೋಟೀನಿನೊಳಗೆ ತಪ್ಪು ಆಮ್ಲವೇ ಸೇರಿಹೋಗುತ್ತದೆ.

ಕಿಣ್ವವು ಮುಖ್ಯವಾಗಿ ಗುರುತಿಸುವುದು ಟಿಆರ್‌ಎನ್‌ಎಯ ಒಂದು ತುದಿಯಲ್ಲಿರುವ ಸಿಎಯು ಎಂಬ ಮೂರಕ್ಷರದ ಪ್ರತಿಸಂಕೇತವನ್ನು. ವೇಲಿನ್ ಆಮ್ಲದ ಟಿಆರ್‌ಎನ್‌ಎಗೆ ಈ ಅಕ್ಷರಗಳನ್ನು ಅಳವಡಿಸಿದಾಗ ಅದಕ್ಕೂ ಮೆಥಿಯೋನಿನ್ನೇ ಜೋಡಣೆಯಾದುದು 1988ರಲ್ಲಿ ವರದಿಯಾಯಿತು. ಆದರೆ ಆಮ್ಲ ಜೋಡಣೆಯಾಗುವುದು ಇನ್ನೊಂದು ತುದಿಯಲ್ಲಿ, ಸುಮಾರು 70 ಆಂಗ್‌ಸ್ಟ್ರಾಂ ಆಚೆ. ಅಣುಗಳ ಅಳತೆಯಲ್ಲಿ ಇದು ಅಲ್ಪ ದೂರವಲ್ಲ. ಒಂದೆಡೆ ಓದಿದ ಗುರುತು ಇನ್ನೊಂದೆಡೆಗೆ ತಲುಪುವ ಬಗೆ ಹೇಗೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಘೋಷ್ ಮತ್ತು ಸರಸ್ವತಿ ವಿಶ್ವೇಶ್ವರ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಗಣಕದ ನೆರವಿನಿಂದ ಪರಿಶೀಲಿಸಿತು. ಇ. ಕೋಲಿ ಬ್ಯಾಕ್ಟೀರಿಯಾದ ಕಿಣ್ವವು ಟಿಆರ್‌ಎನ್‌ಎಯೊಡನೆ ಕೂಡಿದ ಮಾದರಿಯನ್ನು ರಚಿಸಿ, ಅದರ ಪರಮಾಣುಗಳ ಚಲನೆಯನ್ನು ಅನುಕರಿಸಲಾಯಿತು. ಅನಂತರ ಕಿಣ್ವದ ಪ್ರತಿಯೊಂದು ಅಮೈನೋ ಆಮ್ಲವನ್ನು ಬಿಂದುವೆಂದೂ ಅವುಗಳ ನಿಕಟ ಸಂಪರ್ಕವನ್ನು ಗೆರೆಯೆಂದೂ ಭಾವಿಸಿ, ಎರಡು ತಾಣಗಳ ನಡುವಣ ಹತ್ತಿರದ ದಾರಿಗಳನ್ನು ಹುಡುಕಲಾಯಿತು. ನಕಾಶೆಯಲ್ಲಿ ಊರಿಂದೂರಿಗೆ ದಾರಿ ಹುಡುಕುವ ಗಣಿತವೇ ಇಲ್ಲಿಯೂ ಒದಗಿಬಂದುದು ಸ್ವಾರಸ್ಯಕರ. ದೊರೆತ ದಾರಿಗಳು ಪ್ರಯೋಗಾಲಯದ ಫಲಿತಾಂಶಗಳೊಡನೆ ಹೊಂದಿಕೊಂಡವು.