ದೆಹಲಿಯ ರಾತ್ರಿ ರೈಲುಗಳ ಮಲಗುವ ಬೋಗಿಗಳು

ದೆಹಲಿ ಮತ್ತು ಸುತ್ತಲಿನ ರಾಷ್ಟ್ರ ರಾಜಧಾನಿ ಪ್ರದೇಶದಿಂದ ಹೊರಡುವ ದೂರದ ರೈಲುಗಳಲ್ಲಿ ಪ್ರಯಾಣಿಕರು ಮಲಗಿ ಹೋಗಲು ಬರ್ತ್‌ಗಳಿರುವ ಬೋಗಿಗಳು. ನವದೆಹಲಿ, ಹಳೆ ದೆಹಲಿ, ಹಜರತ್ ನಿಜಾಮುದ್ದೀನ್, ಆನಂದ ವಿಹಾರ ಇವುಗಳ ಮುಖ್ಯ ನಿಲ್ದಾಣಗಳು. ಮಲಗುವ ಅನುಕೂಲ ಮೊದಲು ಉಳ್ಳವರಿಗೆ ಸಿಕ್ಕಿ, ಬಹಳ ನಿಧಾನವಾಗಿ ಉಳಿದವರ ಕಡೆಗೆ ಇಳಿದು ಬಂದದ್ದು ಈ ಬೋಗಿಗಳ ಚರಿತ್ರೆ.

ಬ್ರಿಟಿಷರ ಕಾಲದಲ್ಲಿ ದೆಹಲಿಯ ಮೇಲೆ ಹಾದುಹೋಗುತ್ತಿದ್ದ ಹೆಸರಾಂತ ಗಾಡಿ ಫ್ರಾಂಟಿಯರ್ ಮೇಲ್. 1928ರಲ್ಲಿ ಮುಂಬಯಿ ಮತ್ತು ಪೇಶಾವರಗಳ ನಡುವೆ ಆರಂಭವಾದ ಈ ಗಾಡಿಗೆ 1934ರಲ್ಲಿ ತಂಪು ಬೋಗಿ ಬಂತು. ಅದರಲ್ಲಿ ಯಂತ್ರವಿರಲಿಲ್ಲ, ಮಂಜುಗಡ್ಡೆ ತುಂಬಿ ಅದರ ಮೇಲೆ ಹಾಯಿಸಿದ ಗಾಳಿಯನ್ನು ಒಳಗೆ ಬಿಡುತ್ತಿದ್ದರು. ಅದೇ ಕಾಲದ ಮೂರನೇ ದರ್ಜೆಯವರಿಗೆ ಸಿಗುತ್ತಿದ್ದದ್ದು ಮರದ ಬೆಂಚು.

ಸ್ವಾತಂತ್ರ್ಯಾನಂತರ, 1955ರಲ್ಲಿ ಮದ್ರಾಸಿನ ಪೆರಂಬೂರಿನಲ್ಲಿ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಶುರುವಾಗಿ, ಸ್ವಿಸ್ ವಿನ್ಯಾಸದ ಉಕ್ಕಿನ ಬೋಗಿಗಳು ದೇಶದಲ್ಲೇ ತಯಾರಾಗತೊಡಗಿದವು. 1969ರ ಮಾರ್ಚ್‌ನಲ್ಲಿ ನವದೆಹಲಿ ಮತ್ತು ಹೌರಾ ನಡುವೆ ಓಡಿದ ಮೊದಲ ರಾಜಧಾನಿ ಎಕ್ಸ್‌ಪ್ರೆಸ್ ಸುಮಾರು 1,450 ಕಿ.ಮೀ. ದೂರವನ್ನು 17 ಗಂಟೆ 20 ನಿಮಿಷಗಳಲ್ಲಿ ಕ್ರಮಿಸಿತು. ಆದರೆ ಆ ಹೆಮ್ಮೆಯ ಗಾಡಿಯಲ್ಲಿಯೂ ಹೆಚ್ಚಿನವರು ಚೇರ್ ಕಾರ್‌ನಲ್ಲಿ ಕುಳಿತೇ ರಾತ್ರಿ ಕಳೆಯಬೇಕಿತ್ತು.

ದೊಡ್ಡ ಬದಲಾವಣೆ ಬಂದದ್ದು ಸಾಮಾನ್ಯ ದರ್ಜೆಯಲ್ಲಿ. 1974ರಲ್ಲಿ ಮೂರನೇ ದರ್ಜೆ ರದ್ದಾಯಿತು. 1977ರಲ್ಲಿ ರೈಲ್ವೆ ಸಚಿವರಾದ ಮಧು ದಂಡವತೆ ಎರಡನೇ ದರ್ಜೆಯ ಮರದ ಹಲಗೆಗಳ ಮೇಲೆ ಫೋಮ್ ಮೆತ್ತೆ ಹಾಕಿಸಲು ತೊಡಗಿದರು. ಮುಂದೆ ಬಂದ ಯಾವ ಹೊಸ ಬೋಗಿಯೂ ಇಷ್ಟು ಜನರ ಬೆನ್ನಿಗೆ ಸುಖ ಕೊಟ್ಟಿಲ್ಲ. ದೆಹಲಿಯ ಕನ್ನಡಿಗರಿಗೆ ಈ ಮೆತ್ತೆಯ ಬೆಲೆ ಚೆನ್ನಾಗಿ ಗೊತ್ತು. 1976ರಲ್ಲಿ ಶುರುವಾದ ಕರ್ನಾಟಕ–ಕೇರಳ ಎಕ್ಸ್‌ಪ್ರೆಸ್, ಜನರ ಬಾಯಲ್ಲಿ ಕೆ.ಕೆ. ಎಕ್ಸ್‌ಪ್ರೆಸ್, ಮುಂದೆ ಕವಲೊಡೆದು ಕರ್ನಾಟಕ ಎಕ್ಸ್‌ಪ್ರೆಸ್ ಆಯಿತು. ಅದರಲ್ಲಿ ಬೆಂಗಳೂರು ತಲುಪಲು ಇಂದಿಗೂ ಎರಡು ರಾತ್ರಿ ಮಲಗಬೇಕು.

1993ರಲ್ಲಿ ಎಸಿ 3-ಟಯರ್ ಬಂದು, ಹವಾನಿಯಂತ್ರಣ ಮಧ್ಯಮ ವರ್ಗದ ಕೈಗೆಟುಕಿತು. ಇದರ ಕೂಪೆಯ ರಚನೆ ಎಸಿ ಇಲ್ಲದ ಸ್ಲೀಪರ್ ದರ್ಜೆಯದ್ದೇ: ಎದುರುಬದುರು ಮೂರು ಮೂರು ಬರ್ತ್, ನಡುದಾರಿಯ ಆಚೆಗೆ ಸೈಡ್ ಲೋಯರ್ ಮತ್ತು ಸೈಡ್ ಅಪ್ಪರ್, ಒಟ್ಟು ಎಂಟು. ಹಗಲಿನಲ್ಲಿ ಕೆಳಗಿನ ಸೀಟಿಗೆ ಒರಗುಬೆನ್ನಾಗಿರುವ ಮಿಡ್ಲ್ ಬರ್ತನ್ನು ರಾತ್ರಿ ಎತ್ತಿ ಸಿಕ್ಕಿಸುತ್ತಾರೆ. ಅದು ಎದ್ದ ಮೇಲೆ ಕೆಳಗಿನವರು ತಲೆಯೆತ್ತಿ ಕೂರುವಂತಿಲ್ಲ. ಹಾಗಾಗಿಯೇ ಮಲಗುವ ಹೊತ್ತು ರಾತ್ರಿ 10ರಿಂದ ಬೆಳಗ್ಗೆ 6 ಎಂದು ರೈಲ್ವೆ ನಿಯಮ ಮಾಡಿದೆ. 2006ರಲ್ಲಿ ಬಂದ ಗರೀಬ್ ರಥ್ ಗಾಡಿಗಳಲ್ಲಿ ಕಡಿಮೆ ದರದ ಸಲುವಾಗಿ ಪಕ್ಕದ ಸಾಲಿಗೂ ಮೂರನೆಯ ಬರ್ತ್ ಸೇರಿಸಲಾಯಿತು. ಅಲ್ಲಿ ಮಗ್ಗುಲು ಬದಲಿಸುವುದೂ ಕಷ್ಟ. ಇದೇ ಪ್ರಯೋಗವನ್ನು ಸಾಮಾನ್ಯ ಸ್ಲೀಪರ್ ಬೋಗಿಗಳಲ್ಲಿ ಮಾಡಿದಾಗ ಪ್ರಯಾಣಿಕರ ವಿರೋಧ ಬಂದು ಕೈಬಿಡಬೇಕಾಯಿತು.

ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗಳು 2003ರಲ್ಲಿ ಮುಂಬಯಿ ರಾಜಧಾನಿಗೆ ಬಂದವು. ಇವು ಸ್ಟೇನ್‌ಲೆಸ್ ಸ್ಟೀಲಿನವು, ಹಳೆಯವಕ್ಕಿಂತ ಸುಮಾರು ಎರಡು ಮೀಟರ್ ಉದ್ದ. ಸ್ಲೀಪರ್‌ನಲ್ಲಿ ಬರ್ತ್‌ಗಳು 72ರಿಂದ 80ಕ್ಕೆ, ಎಸಿ 3-ಟಯರ್‌ನಲ್ಲಿ 64ರಿಂದ 72ಕ್ಕೆ ಏರಿದವು. ಅಪಘಾತದಲ್ಲಿ ಒಂದರ ಮೇಲೊಂದು ಹತ್ತದಂತೆ ತಡೆಯುವ ಜೋಡಣೆ ಇವುಗಳ ನಿಜವಾದ ಹೆಚ್ಚುಗಾರಿಕೆ. ಹಳೆ ಮಾದರಿಯ ತಯಾರಿಕೆ 2018ರಲ್ಲಿ ನಿಂತಿತು.

ಎಲ್‌ಎಚ್‌ಬಿ ಬಂದ ಮೇಲಿನ ಹೊಸತುಗಳು ಬಹುಪಾಲು ಆನಂದ ವಿಹಾರಕ್ಕೆ ಬಂದವು. ಪೂರ್ವ ದೆಹಲಿಯಲ್ಲಿ 2009ರಲ್ಲಿ ತೆರೆದ ಈ ಟರ್ಮಿನಲ್, ಉತ್ತರ ಪ್ರದೇಶ ಮತ್ತು ಬಿಹಾರದ ದುಡಿಯುವ ಜನ ಊರಿಗೆ ಹೋಗಿಬರುವ ಬಾಗಿಲು. ಪೂರ್ತಿ ಎಸಿ 3-ಟಯರ್‌ನ ಮೊದಲ ಹಮ್‌ಸಫರ್ 2016ರ ಡಿಸೆಂಬರ್‌ನಲ್ಲಿ ಗೋರಖ್‌ಪುರದಿಂದ ಇಲ್ಲಿಗೆ ಓಡಿತು. ತಾನಾಗಿ ಮುಚ್ಚುವ ಬಾಗಿಲು, ಸಿಸಿಟಿವಿ, ಬೆಂಕಿ ಪತ್ತೆ ವ್ಯವಸ್ಥೆಗಳುಳ್ಳ ತೇಜಸ್ ಮಾದರಿಯ ಮಲಗುವ ಬೋಗಿಗಳು 2021ರ ಫೆಬ್ರುವರಿಯಲ್ಲಿ ಅಗರ್ತಲಾ–ಆನಂದ ವಿಹಾರ ರಾಜಧಾನಿಗೆ ಸೇರಿದವು.

ಮುಂದಿನ ಹೆಜ್ಜೆಯಾದ ವಂದೇ ಭಾರತ್ ಸ್ಲೀಪರ್ ಬೆಂಗಳೂರಿನ ಕೈಕೆಲಸ. ಪೆರಂಬೂರಿನ ಕಾರ್ಖಾನೆಗಾಗಿ ಬಿಇಎಂಎಲ್ ಕಟ್ಟಿದ ಮೊದಲ ಮಾದರಿಯನ್ನು 2024ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ಅನಾವರಣಗೊಳಿಸಲಾಯಿತು. ಪ್ರತ್ಯೇಕ ಎಂಜಿನ್ ಇಲ್ಲದ, 16 ಬೋಗಿಗಳ ಈ ಗಾಡಿಯಲ್ಲಿ 823 ಬರ್ತ್‌ಗಳಿದ್ದು, ಎಲ್ಲವೂ ಹವಾನಿಯಂತ್ರಿತ. ಪ್ರಯಾಣಿಕರ ಸೇವೆ 2026ರ ಜನವರಿಯಲ್ಲಿ ಹೌರಾ ಮತ್ತು ಗುವಾಹಟಿಯ ಕಾಮಾಖ್ಯ ನಡುವೆ ಆರಂಭವಾಯಿತು.

ಎಸಿ ಟಿಕೆಟ್ ಕೊಳ್ಳಲಾಗದವರಿಗಾಗಿ ರೂಪಿಸಿದ್ದು ಅಮೃತ್ ಭಾರತ್. 2023ರ ಡಿಸೆಂಬರ್ 30ರಂದು ಚಾಲನೆ ಪಡೆದ ಮೊದಲ ಎರಡು ಗಾಡಿಗಳಲ್ಲಿ ಒಂದು ದರ್ಭಂಗಾದಿಂದ ಅಯೋಧ್ಯೆಯ ಮೂಲಕ ಆನಂದ ವಿಹಾರಕ್ಕೆ, ಇನ್ನೊಂದು ಮಾಲ್ದಾದಿಂದ ಬೆಂಗಳೂರಿಗೆ. ಎರಡೂ ತುದಿಗಳಲ್ಲಿ ಎಂಜಿನ್ ಇರುವುದರಿಂದ ಎಳೆತದ ಜೊತೆಗೆ ತಳ್ಳುವ ಬಲವೂ ಸಿಗುತ್ತದೆ. ಆರಂಭದ ಜೋಡಣೆಯ 22 ಬೋಗಿಗಳಲ್ಲಿ 12 ಎಸಿ ಇಲ್ಲದ ಸ್ಲೀಪರ್, 8 ಜನರಲ್. ಜನರಲ್ ಬೋಗಿಯಲ್ಲಿ ಹೋಗುವವರಿಗೆ ಕಾದಿರಿಸಿದ ಬರ್ತ್ ಈಗಲೂ ಇಲ್ಲ.