ಅಳತೆಗೊಂದು ಅಳತೆ

ಕನ್ನಡದಲ್ಲಿ ‘ಪ್ರಮಾಣ’ ಎಂಬ ಮಾತಿಗೆ ಅಳತೆಯೆಂದೂ ಅರ್ಥವುಂಟು, ಸಾಕ್ಷ್ಯವೆಂದೂ ಉಂಟು; ದೇವರ ಮುಂದೆ ಮಾಡುವ ಆಣೆಯೂ ಪ್ರಮಾಣವೇ. ಸೂಕ್ಷ್ಮ ಅಳತೆಯ ಉಪಕರಣಗಳ ಚರಿತ್ರೆಯನ್ನು ಓದುವಾಗ ಈ ಅರ್ಥಗಳ ನಂಟು ನನಗೆ ಸ್ಪಷ್ಟವಾಗುತ್ತದೆ. ಅಳೆಯುವ ಸಾಧನವೂ ಒಬ್ಬ ಸಾಕ್ಷಿಯೇ. ಅದರ ಮಾತನ್ನು ನಂಬುವುದು ಹೇಗೆ?

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೆಲಸಗಾರರು ಕ್ಯಾಲಿಪರಿನ ಕಾಲುಗಳನ್ನು ವಸ್ತುವಿಗೆ ತಾಗಿಸಿ, ಬೆರಳಿನ ಹದದಿಂದಲೇ ಗಾತ್ರವನ್ನು ಗೊತ್ತುಮಾಡುತ್ತಿದ್ದರು. ಎಲ್ಲರ ಹದವೂ ಒಂದೇ ಆಗಿರುವುದುಂಟೆ? ಲಂಡನ್ನಿನ ಯಂತ್ರನಿರ್ಮಾಪಕ ಹೆನ್ರಿ ಮಾಡ್ಸ್ಲೆ, ನಯವಾದ ತಿರುಪಿನಿಂದ ಸರಿಯುವ ಮೈಕ್ರೋಮೀಟರೊಂದನ್ನು ಮಾಡಿ ಮೇಜಿನ ಮೇಲಿಟ್ಟ. ಅದಕ್ಕೆ ‘ಲಾರ್ಡ್ ಛಾನ್ಸೆಲರ್’ ಎಂದು ಹೆಸರಾಯಿತು. ಆ ಕಾರ್ಖಾನೆಯಲ್ಲಿ ಅದರ ತೀರ್ಪಿನ ಮೇಲೆ ಅಪೀಲಿರಲಿಲ್ಲ.

1848ರಲ್ಲಿ ಫ್ರಾನ್ಸಿನ ಪಾಮರ್ ಕೈಯಲ್ಲಿ ಹಿಡಿಯಬಹುದಾದ ಮೈಕ್ರೋಮೀಟರಿಗೆ ಪೇಟೆಂಟು ಪಡೆದ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಕಂಡ ಅಮೆರಿಕದ ಬ್ರೌನ್ ಮತ್ತು ಶಾರ್ಪ್, ತಮ್ಮ ದೇಶದಲ್ಲಿ ಅಂಥದನ್ನು ತಯಾರಿಸತೊಡಗಿದರು. ಹೀಗೆ ನ್ಯಾಯಾಧೀಶ ಕೆಲಸಗಾರನ ಜೇಬಿಗೆ ಇಳಿದುಬಂದ. ಆದರೆ ನ್ಯಾಯಾಧೀಶರೇ ಹಲವರಾಗಿ, ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟರೆ ಗತಿಯೇನು?

ಇದಕ್ಕೆ ಉತ್ತರ ಸ್ವೀಡನ್ನಿನಿಂದ ಬಂತು. ಎಸ್ಕಿಲ್‌ಸ್ಟೂನಾದ ಬಂದೂಕು ಕಾರ್ಖಾನೆಯಲ್ಲಿ ತನಿಖೆಗಾರನಾಗಿದ್ದವನು ಕಾರ್ಲ್ ಎಡ್ವರ್ಡ್ ಯೋಹಾನ್ಸನ್. ಒಂದು ಬಂದೂಕಿನ ಭಾಗ ಇನ್ನೊಂದಕ್ಕೆ ಕೂಡಬೇಕಾದರೆ ಪ್ರತಿಯೊಂದು ಗಾತ್ರಕ್ಕೂ ಬೇರೆ ಬೇರೆ ಗೇಜು ಬೇಕಾಗುತ್ತಿತ್ತು. 1896ರ ಹೊತ್ತಿಗೆ ಆತ 102 ಉಕ್ಕಿನ ತುಂಡುಗಳ ಒಂದು ಸೆಟ್ಟನ್ನು ಯೋಜಿಸಿದ. ಅವುಗಳನ್ನು ಜೋಡಿಸಿ 20,000 ಅಳತೆಗಳನ್ನು ಪಡೆಯಬಹುದು. 38.74 ಮಿಲಿಮೀಟರ್ ಬೇಕೆ? 25, 12.5, 1.24ರ ಮೂರು ತುಂಡುಗಳು ಸಾಕು. ಚೆನ್ನಾಗಿ ಒರೆಸಿ, ಒಂದರ ಮೇಲೊಂದನ್ನು ಜಾರಿಸಿ ಒತ್ತಿದರೆ ಅಂಟಿಲ್ಲದೆಯೇ ಅಂಟಿಕೊಳ್ಳುವಷ್ಟು ನಯ! ಹೆಂಡತಿಯ ಹೊಲಿಗೆಯಂತ್ರವನ್ನೇ ಮಾರ್ಪಡಿಸಿ ಆತ ಈ ತುಂಡುಗಳನ್ನು ಮನೆಯಲ್ಲಿ ಉಜ್ಜಿದನಂತೆ. ನ್ಯಾಯಾಧೀಶನನ್ನೂ ಪರೀಕ್ಷಿಸುವ ಪ್ರಮಾಣ ಹೀಗೆ ಲೋಕಕ್ಕೆ ದೊರೆಯಿತು. 1923ರಲ್ಲಿ ಆತ ಹೆನ್ರಿ ಫೋರ್ಡನ ಸಂಸ್ಥೆಯನ್ನು ಸೇರಿದ. ಸಾವಿರಾರು ಮೋಟಾರುಗಳಿಗೆ ಒಂದೇ ಅಳತೆಯ ಭಾಗಗಳನ್ನು ಮಾಡುವವರಿಗೆ ಇಂಥ ಪ್ರಮಾಣವಿಲ್ಲದೆ ನಡೆಯುವುದೆಂತು?

ಇಂದು ಉಪಕರಣ ಕೊಳ್ಳುವವರಿಗೂ ಈ ಚರಿತ್ರೆಯಲ್ಲಿ ಬುದ್ಧಿಮಾತಿದೆ. ಮೈಕ್ರೋಮೀಟರಿನ ತಿರುಪು ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಸರಿಯುತ್ತದೆ. ಸುತ್ತಲೂ 50 ಗೆರೆಗಳಿರುವುದರಿಂದ ಒಂದು ಗೆರೆಗೆ 0.01 ಮಿಲಿಮೀಟರ್. ಆದರೆ ಗೆರೆ ಸೂಕ್ಷ್ಮವಾದ ಮಾತ್ರಕ್ಕೆ ಅಳತೆ ಸತ್ಯವಾಗದು. ಹೊಳೆಯುವ ಅಂಕಿಗಳನ್ನು ತೋರಿಸುವ ಕ್ಯಾಲಿಪರಿಗೂ ಇದೇ ಮಾತು. ದವಡೆ ಮುಚ್ಚಿದಾಗ ಸೊನ್ನೆ ಬರುತ್ತದೆಯೇ, ಗಾತ್ರ ಗೊತ್ತಿರುವ ಗೇಜ್ ತುಂಡನ್ನು ಹಿಡಿದರೆ ಅದೇ ಅಂಕಿ ಬರುತ್ತದೆಯೇ, ಹತ್ತು ಸಲ ಅಳೆದರೂ ಒಂದೇ ಮಾತು ಹೇಳುತ್ತದೆಯೇ ಎಂದು ನೋಡಬೇಕು. ಬಿಸಿಲನ್ನೂ ಮರೆಯಬಾರದು: 100 ಮಿಲಿಮೀಟರ್ ಉಕ್ಕು ಹತ್ತು ಡಿಗ್ರಿ ಕಾದರೆ ಒಂದು ಗೆರೆಗಿಂತ ಹೆಚ್ಚೇ ಹಿಗ್ಗುತ್ತದೆ. ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಎಂಬ ಕಟ್ಟು ಇರುವುದು ಅದಕ್ಕಾಗಿಯೇ.

ಮರಗೆಲಸದ ಹವ್ಯಾಸಿಗೆ ಒಳ್ಳೆಯ ಉಕ್ಕಿನ ಸ್ಕೇಲು ಸಾಕು. ಲೇತಿನ ಮುಂದೆ ನಿಲ್ಲುವವನಿಗೆ ಮೈಕ್ರೋಮೀಟರು ಬೇಕು. ಯಾವುದನ್ನು ಕೊಂಡರೂ, ಪರೀಕ್ಷೆಗೆ ಒಡ್ಡಬಹುದಾದುದನ್ನೇ ಕೊಳ್ಳುವುದು ಜಾಣತನ.