ಹಗಲಿನ ಧಾರವಾಡ, ಇರುಳಿನ ಧಾರವಾಡ

ಕನ್ನಡ ನಾಡಿನ ರೇಡಿಯೊ ಚರಿತ್ರೆಯನ್ನು ನಾವು ಯಾವಾಗಲೂ ದನಿ ಹೊರಟ ಕಡೆಯಿಂದಲೇ ಬರೆದಿದ್ದೇವೆ. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 30 ವ್ಯಾಟಿನ ಪುಟ್ಟ ಪ್ರೇಷಕದಲ್ಲಿ ಪ್ರಸಾರ ಆರಂಭಿಸಿದ್ದು, 1950ರ ಜನವರಿ 8ರಂದು ಧಾರವಾಡ ಕೇಂದ್ರ ಬಾಗಿಲು ತೆರೆದದ್ದು, ಅಲ್ಲಿ ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದದ್ದು, ಎನ್ಕೆ ಕುಲಕರ್ಣಿಯವರಂಥ ಕಾದಂಬರಿಕಾರರು ಕೆಲಸ ಮಾಡಿದ್ದು ಎಲ್ಲವೂ ದಾಖಲಾಗಿವೆ. ಇವೆಲ್ಲ ಬೇಕಾದವೇ. ಆದರೆ ದನಿ ಹೋಗಿ ಮುಟ್ಟಿದ ಊರಿನ ಚರಿತ್ರೆ ಬೇರೆಯೇ ಇದೆ. ಒಂದೇ ಕೇಂದ್ರ, ಒಂದೇ ಹಾಡು ಆಗಿದ್ದರೂ ಹುಬ್ಬಳ್ಳಿಯಲ್ಲಿ ಕೇಳಿಸಿದಂತೆ ಅದು ಜಮಖಂಡಿಯಲ್ಲಿ ಕೇಳಿಸುತ್ತಿರಲಿಲ್ಲ. ಜಮಖಂಡಿಯಲ್ಲೇ ಮಧ್ಯಾಹ್ನ ಕೇಳಿಸಿದಂತೆ ರಾತ್ರಿ ಕೇಳಿಸುತ್ತಿರಲಿಲ್ಲ. ಇಂದಿನ ಮೊಬೈಲ್ ಎಂಜಿನಿಯರುಗಳು ತಲೆಕೆಡಿಸಿಕೊಳ್ಳುವ ಕಾಲ ಮತ್ತು ಆವರ್ತನಗಳ ಜೋಡಿ ಸಮಸ್ಯೆ ಈ ಸೀಮೆಗೆ ಮೊಬೈಲಿನ ಜೊತೆ ಬಂದದ್ದಲ್ಲ, ರೇಡಿಯೊದ ಜೊತೆಗೇ ಬಂದಿತ್ತು ಎಂಬುದು ನನ್ನ ವಾದ. ಅದಕ್ಕೆ ಕಾರಣ ಈ ಊರುಗಳು ಇರುವ ಜಾಗ.

ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದು ದಿನದ ಚಕ್ಕಡಿ ಪಯಣದೊಳಗೆ ನಾಲ್ಕು ಆಡಳಿತ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಎಲ್ಲವೂ ಒಂದೇ ರಾಜ್ಯಕ್ಕೆ ಬಂದವು. ಅಂದರೆ ಏಕೀಕರಣಕ್ಕೆ ಆರು ವರ್ಷ ಮೊದಲೇ ಧಾರವಾಡದ ಕನ್ನಡ ಇವುಗಳ ಮೇಲೆ ಒಂದೇ ಸಮನೆ ಹರಡಿತ್ತು ಎಂದು ಹೇಳಿಬಿಡುವ ಆಸೆಯಾಗುತ್ತದೆ, ಭಾಷಣಕ್ಕೆ ಚೆಂದವೂ ಹೌದು. ಆದರೆ ಅದು ಒಂದೇ ಸಮನೆ ಹರಡಿರಲಿಲ್ಲ. ನಕ್ಷೆಯ ಮೇಲೆ ಗೆರೆ ಎಳೆದು ನೋಡಿದರೆ ಧಾರವಾಡದಿಂದ ಮುಧೋಳ ಸುಮಾರು 100 ಕಿಲೋಮೀಟರ್, ರಬಕವಿ 113ರ ಆಸುಪಾಸು, ಜಮಖಂಡಿ ಮತ್ತು ಬೀಳಗಿ 120. ಮೀಡಿಯಂ ವೇವ್ ಪ್ರಸಾರದ ಮಟ್ಟಿಗೆ ಈ ದೂರ ಬಹಳ ಇಕ್ಕಟ್ಟಿನ ದೂರ.

ಏಕೆಂದು ವಿವರವಾಗಿಯೇ ನೋಡಬೇಕು. ಪ್ರೇಷಕದ ಕಂಬದಿಂದ ಹೊರಟ ಅಲೆಯ ಒಂದು ಪಾಲು ನೆಲವನ್ನು ಅಪ್ಪಿಕೊಂಡು ಸಾಗುತ್ತದೆ. ತೇವ ಹಿಡಿದಿಡುವ ಎರೆಮಣ್ಣು ಕಲ್ಲುನೆಲಕ್ಕಿಂತ ಇದಕ್ಕೆ ಒಳ್ಳೆಯ ದಾರಿ. ಘಟಪ್ರಭೆ, ಕೃಷ್ಣೆಯರ ಬಯಲಿಗೆ ಆ ಭಾಗ್ಯವಿದೆ. ಇನ್ನೊಂದು ಪಾಲು ಆಕಾಶಕ್ಕೆ ಏರುತ್ತದೆ. ಹಗಲಿನಲ್ಲಿ ಬಿಸಿಲು ಹುಟ್ಟಿಸುವ, ಡಿ ಎಂದು ಕರೆಯುವ, ಅಯಾನುಗೋಳದ ಕೆಳಪದರ ಅದನ್ನು ನುಂಗಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ; ಆಕಾಶಕ್ಕೆ ಏರಿದ ಅಲೆ ಮೇಲಿನ ಪದರಗಳಿಗೆ ಬಡಿದು ನೆಲಕ್ಕೆ ಮರಳುತ್ತದೆ. ಕೇಂದ್ರದ ಹತ್ತಿರ ನೆಲದ ಅಲೆಯೇ ಬಲಶಾಲಿ, ಮರಳಿದ್ದು ಲೆಕ್ಕಕ್ಕಿಲ್ಲ. ಬಹುದೂರದಲ್ಲಿ ನೆಲದ ಅಲೆ ಸತ್ತಿರುತ್ತದೆ, ಮರಳಿದ್ದೊಂದೇ ಉಳಿಯುತ್ತದೆ. ನಡುವಿನ ಪಟ್ಟಿಯಲ್ಲಿ, ಸಾಮಾನ್ಯವಾಗಿ ನೂರು ಕಿಲೋಮೀಟರಿನ ಆಚೀಚೆ, ಎರಡೂ ಸರಿಸಮ ಬಲದಲ್ಲಿ ಬಂದು ಡಿಕ್ಕಿ ಹೊಡೆಯುತ್ತವೆ. ಲೆಕ್ಕ ಸುಲಭ. ಪದರ 100 ಕಿಲೋಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ ಜಮಖಂಡಿಗೆ ಆಕಾಶದ ದಾರಿ ಸುಮಾರು 233 ಕಿಲೋಮೀಟರ್, ನೆಲದ ದಾರಿ 120. ವ್ಯತ್ಯಾಸ 113 ಕಿಲೋಮೀಟರ್; ಬೆಳಕಿನ ವೇಗದಲ್ಲಿ ಅದು 0.38 ಮಿಲಿಸೆಕೆಂಡಿನ ತಡ. ಇಷ್ಟು ತಡವಾಗಿ ಬಂದ ಪ್ರತಿಧ್ವನಿ ಸುಮಾರು 2,650 ಹರ್ಟ್ಸಿಗೆ ಒಂದರಂತೆ ಆವರ್ತನಗಳನ್ನು ಕಚ್ಚಿ ತೆಗೆಯುತ್ತದೆ. ಒಂದು ಕೇಂದ್ರದ ಪ್ರಸಾರ ಹರಡುವುದೇ ಒಂಬತ್ತು ಕಿಲೋಹರ್ಟ್ಸಿನಷ್ಟು ಅಗಲಕ್ಕೆ. ಅದರಲ್ಲಿ ಮೂರು ಕಡೆ ಗುಂಡಿ ಬಿದ್ದರೆ ದನಿ ಬರೀ ಸಣ್ಣದಾಗುವುದಿಲ್ಲ, ಅದರ ಮೈಯೇ ಬದಲಾಗುತ್ತದೆ. ಸಾಲದ್ದಕ್ಕೆ ಪದರ ನಿಂತಲ್ಲಿ ನಿಲ್ಲುವುದಿಲ್ಲ. ಧಾರವಾಡದ 392 ಮೀಟರ್ ಉದ್ದದ ಅಲೆಗೆ ಅದು ನೂರು ಚಿಲ್ಲರೆ ಮೀಟರ್ ಏರಿಳಿದರೆ ಸಾಕು, ಈ ಗಳಿಗೆಯಲ್ಲಿ ಗುಂಡಿಯಿದ್ದ ಕಡೆ ಇನ್ನೊಂದು ಗಳಿಗೆಗೆ ದಿಬ್ಬ. ತಂಬೂರಿಯ ಝೇಂಕಾರ ಉಳಿದು ಗಾಯಕನ ಅಕ್ಷರ ಮಾಯವಾಗುವುದು, ಮರುಕ್ಷಣ ಅಕ್ಷರ ಒಡೆದು ಕರ್ಕಶವಾಗುವುದು ಇದರಿಂದಲೇ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಪ್ರೇಷಕದ ಬಲ ಹೆಚ್ಚಿಸಿದ್ದರೆ ಮುಗಿಯುತ್ತಿರಲಿಲ್ಲವೇ? ಧಾರವಾಡದ ಬಲ ಮುಂದೆ 200 ಕಿಲೋವ್ಯಾಟ್ ಆಯಿತು. ಆದರೆ ಬಲ ಹೆಚ್ಚಿದಾಗ ಎರಡು ಅಲೆಗಳೂ ಒಂದೇ ಪ್ರಮಾಣದಲ್ಲಿ ಬಲಿಯುತ್ತವೆ, ಅವುಗಳ ಜಗಳ ಹಾಗೇ ಉಳಿಯುತ್ತದೆ. ಹಗಲಿಗೆ ಲಾಭವಾಯಿತು, ದೂರದ ಹಳ್ಳಿಗಳಿಗೂ ಕೇಳಿಸಿತು. ಇರುಳಿನ ಪಟ್ಟಿ ಇದ್ದಲ್ಲೇ ಇತ್ತು. ಅದನ್ನು ಆಚೆ ತಳ್ಳಬೇಕಾದರೆ ಬೇಕಾದದ್ದು ಆಕಾಶಕ್ಕೆ ಕಡಿಮೆ, ನೆಲಕ್ಕೆ ಹೆಚ್ಚು ಚೆಲ್ಲುವ ಎತ್ತರದ ಕಂಬ, ಅಲೆಯ ಉದ್ದದ ಅರ್ಧಕ್ಕಿಂತ ಸ್ವಲ್ಪ ಮೇಲೆ. ಇನ್ನೊಂದು ಆಕ್ಷೇಪ ಇದಕ್ಕಿಂತ ನೇರವಾದದ್ದು: ಕೆಟ್ಟ ದನಿಗೆ ಸೆಲ್ಲು ಇಳಿದದ್ದೋ ಮಳೆ ಮೋಡವೋ ಕಾರಣವಿರಬಹುದು, ಅಯಾನುಗೋಳವನ್ನು ಯಾಕೆ ಎಳೆದು ತರಬೇಕು? ಈ ಸಂದೇಹಕ್ಕೆ ಉತ್ತರ ಕೊಡಲು ದನಿಯನ್ನು ಚಿತ್ರವಾಗಿ ಬಿಡಿಸಿಕೊಳ್ಳುವುದು ಅನುಕೂಲ: ಅಡ್ಡಕ್ಕೆ ಕಾಲ, ಉದ್ದಕ್ಕೆ ಆವರ್ತನ. ಸಿಡಿಲು ಹೊಡೆದರೆ ಒಂದು ಕ್ಷಣ ಎಲ್ಲ ಆವರ್ತನಗಳೂ ತುಂಬಿ, ಚಿತ್ರದಲ್ಲಿ ನೆಟ್ಟಗಿನ ಗೆರೆ ಮೂಡುತ್ತದೆ. ರಬಕವಿ ಪಕ್ಕದ ಬನಹಟ್ಟಿಯ ವಿದ್ಯುತ್ ಮಗ್ಗದ ಸ್ವಿಚ್ಚಿನಲ್ಲಿ ಕಿಡಿ ಹಾರಿದರೂ ಹಾಗೆಯೇ. ಪಕ್ಕದ ಆವರ್ತನದ ಕೇಂದ್ರ ನುಸುಳಿದರೆ ಸಿಳ್ಳಿನಂಥ ಒಂದೇ ಸ್ವರ ಬಹಳ ಹೊತ್ತು ನಿಲ್ಲುತ್ತದೆ. ಅದು ಮಲಗಿದ ಗೆರೆ. ಸೆಲ್ಲು ಇಳಿದರೆ ಇಡೀ ಚಿತ್ರವೇ ಮಸುಕು. ಎರಡು ಅಲೆಗಳ ಜಗಳ ಮಾತ್ರ ಓರೆಯಾದ ಪಟ್ಟೆಗಳನ್ನು ಬಿಡಿಸುತ್ತದೆ, ಏಕೆಂದರೆ ಗುಂಡಿಗಳು ಹೊತ್ತು ಕಳೆದಂತೆ ಆವರ್ತನದಿಂದ ಆವರ್ತನಕ್ಕೆ ಜರುಗುತ್ತವೆ. ಕಾಲವೊಂದನ್ನೇ ನೋಡಿದರೂ, ಆವರ್ತನವೊಂದನ್ನೇ ನೋಡಿದರೂ ಈ ರೋಗ ಪತ್ತೆಯಾಗದು.

ಎರಡನ್ನೂ ಕೂಡಿಸಿ ನೋಡುವ ಗಣಿತಕ್ಕೆ ಗಟ್ಟಿ ತಳಪಾಯ ಬಿದ್ದದ್ದು 1946ರಲ್ಲಿ, ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಡೆನ್ನಿಸ್ ಗಬೋರ್ ಸಂವಹನದ ಸಿದ್ಧಾಂತ ಕುರಿತು ಬರೆದ ಪ್ರಬಂಧದಲ್ಲಿ. ಧಾರವಾಡ ಕೇಂದ್ರಕ್ಕಿಂತ ನಾಲ್ಕೇ ವರ್ಷ ಹಿರಿದು ಅದು. ಕಾಲದಲ್ಲಿ ಎಷ್ಟು ನಿಖರವಾಗಿ ಹಿಡಿಯುತ್ತೇವೋ ಆವರ್ತನದಲ್ಲಿ ಅಷ್ಟು ಸಡಿಲ ಬಿಡಬೇಕು ಎಂಬ ಮಿತಿಯನ್ನು ಅವರು ಸಂಕೇತಗಳ ಲೋಕಕ್ಕೆ ಸ್ಪಷ್ಟವಾಗಿ ತಂದರು. ಇತ್ತ ಸೆಟ್ಟು ಹಚ್ಚಿ ಕುಳಿತವರಿಗೆ ಗಬೋರ್ ಗೊತ್ತಿರಬೇಕಾಗಿರಲಿಲ್ಲ. ಟ್ರಾನ್ಸಿಸ್ಟರ್ ಬಂದ ಮೇಲೆ ಅದನ್ನು ಗೂಡಿನಲ್ಲಿ ಅಡ್ಡ ಉದ್ದ ತಿರುಗಿಸಿ ಇಡುವುದು ಎಲ್ಲ ಕಡೆ ರೂಢಿಯಾಯಿತು. ಒಳಗಿನ ಫೆರೈಟ್ ಸಲಾಕೆಗೆ ದಿಕ್ಕಿನ ಪಕ್ಷಪಾತವಿದೆ. ತಿರುಗಿಸಿದಾಗ ನೆಲದ ಅಲೆ, ಆಕಾಶದ ಅಲೆಗಳ ಪಾಲು ಬದಲಾಗುತ್ತದೆ. ಮುಳ್ಳನ್ನು ಕೇಂದ್ರದ ನಟ್ಟನಡುವೆ ನಿಲ್ಲಿಸದೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರೆ ದನಿ ಕೆಲವೊಮ್ಮೆ ತಿಳಿಯಾಗುತ್ತದೆ, ಪ್ರಸಾರದ ಒಂದು ಮಗ್ಗುಲಿನ ಮೇಲೆ ಮಾತ್ರ ಆತುಕೊಂಡಂತಾಗುವುದರಿಂದ. ಇದನ್ನೇ ಸಂಕೇತ ಸಂಸ್ಕರಣೆ ಎಂದುಬಿಡುವುದು ಅತಿಯಾಯಿತು ಎಂದು ಓದುಗರು ಹೇಳಬಹುದು, ಒಪ್ಪುತ್ತೇನೆ. ಅಲ್ಲಿ ಲೆಕ್ಕವಿರಲಿಲ್ಲ, ಅಳತೆಯಿರಲಿಲ್ಲ. ನಾನು ಹೇಳುತ್ತಿರುವುದು ಅದಕ್ಕಿಂತ ಚಿಕ್ಕದು: ಸಮಸ್ಯೆ ಆ ಗೂಡಿನಲ್ಲೇ ಇತ್ತು, ಕೈಗೆ ಸಿಗುವ ರೂಪದಲ್ಲಿತ್ತು, ಮತ್ತು ಅದರ ಆಕಾರವನ್ನು ತೀರ್ಮಾನಿಸಿದ್ದು ಊರಿನ ದೂರ.

ಗಡಿಯ ಕಡೆ ಇನ್ನೊಂದು ಮಡಿಕೆಯಿದೆ. 1963ರಲ್ಲಿ ಸಾಂಗಲಿಯಲ್ಲಿ ಮರಾಠಿ ಆಕಾಶವಾಣಿ ಬಂತು. ರಬಕವಿಗೆ ಅದು 70 ಕಿಲೋಮೀಟರಿನ ಸುತ್ತಮುತ್ತ, ಧಾರವಾಡಕ್ಕಿಂತ ಎಷ್ಟೋ ಹತ್ತಿರ. 1978ರ ನವೆಂಬರ್ 23ರಂದು ಏಷ್ಯಾ, ಯುರೋಪ್, ಆಫ್ರಿಕಾಗಳ ಮೀಡಿಯಂ ವೇವ್ ಕೇಂದ್ರಗಳನ್ನೆಲ್ಲ ಒಂಬತ್ತು ಕಿಲೋಹರ್ಟ್ಸಿನ ಮೆಟ್ಟಿಲುಗಳ ಮೇಲೆ ಕೂರಿಸಿದ ಒಪ್ಪಂದ ಜಾರಿಗೆ ಬಂತು; ಧಾರವಾಡದ 765, ಸಾಂಗಲಿಯ 1251 ಕಿಲೋಹರ್ಟ್ಸ್ ಎರಡೂ ಒಂಬತ್ತರ ಮಗ್ಗಿಯಲ್ಲಿ ಬರುವುದು ಅದರಿಂದ. ಹೆಚ್ಚಿನ ಆವರ್ತನದ ಅಲೆ ನೆಲದ ಮೇಲೆ ಬೇಗ ದಣಿಯುತ್ತದೆ, ಹಾಗಾಗಿ ಹತ್ತಿರವಿದ್ದೂ ಸಾಂಗಲಿಗೆ ಅಷ್ಟೇ ದೊಡ್ಡ ಅನುಕೂಲವಿರಲಿಲ್ಲ. ಗಡಿ ಸೀಮೆಯಲ್ಲಿ ಯಾವ ಭಾಷೆ ಎಲ್ಲಿಯವರೆಗೆ ಕೇಳಿಸಿತು ಎಂಬುದನ್ನು ರಾಜಕೀಯದಿಂದಷ್ಟೇ ವಿವರಿಸುವವರು ಈ ಲೆಕ್ಕವನ್ನೂ ಮುಂದಿಟ್ಟುಕೊಳ್ಳುವುದು ಒಳ್ಳೆಯದು.

ಮೊಬೈಲು ತಂದದ್ದು ಅದೇ ಜಗಳದ ಸಣ್ಣ ಅಳತೆ. 4ಜಿ ವ್ಯವಸ್ಥೆ ಆವರ್ತನವನ್ನು 15 ಕಿಲೋಹರ್ಟ್ಸಿನ ಎಳೆಗಳಾಗಿ ಸೀಳಿ, ಕಾಲವನ್ನು ಸುಮಾರು 67 ಮೈಕ್ರೊಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತದೆ. ಪ್ರತಿ ತುಂಡಿನ ಮುಂದೆ 4.7 ಮೈಕ್ರೊಸೆಕೆಂಡಿನ ಕಾವಲು ಬಿಡುವಿದೆ. ಗೋಡೆ ಗುಡ್ಡಗಳಿಗೆ ಬಡಿದು 1.4 ಕಿಲೋಮೀಟರ್ ಸುತ್ತಿ ಬಂದ ಪ್ರತಿಧ್ವನಿಯೂ ಅದರೊಳಗೆ ಅಡಗುತ್ತದೆ. ಜಮಖಂಡಿ–ಮುಧೋಳ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರಿನಲ್ಲಿ ಓಡುವ ಬಸ್ಸಿನಲ್ಲಿ 1,800 ಮೆಗಾಹರ್ಟ್ಸಿನ ಸಂಕೇತ ಹೆಚ್ಚೆಂದರೆ 133 ಹರ್ಟ್ಸ್ ಜಾರುತ್ತದೆ, 15 ಕಿಲೋಹರ್ಟ್ಸಿನ ಎಳೆಗೆ ಅದು ಲೆಕ್ಕವಲ್ಲ. ಅತಿವೇಗದ ರೈಲಿಗೆ ಮಾತ್ರ ಈ ಜಾಲರಿ ಸಾಲದು. ಅದಕ್ಕೆಂದೇ 2017ರಲ್ಲಿ ರೋನಿ ಹದಾನಿ ಮತ್ತು ಸಂಗಡಿಗರು ಓಟಿಎಫ್‌ಎಸ್ ಎಂಬ ವಿಧಾನ ಮಂಡಿಸಿದರು. ಮಾಹಿತಿಯನ್ನು ಕಾಲ–ಆವರ್ತನದ ಬದಲು ತಡ ಮತ್ತು ಜಾರುವಿಕೆಗಳ ಚೌಕದಲ್ಲೇ ಬಿತ್ತುವುದು ಅದರ ಉಪಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಚೊಕ್ಕಲಿಂಗಂ ಅವರ ತಂಡ ಅದರ ಮೇಲೆ 2018ರಿಂದ ಪ್ರಬಂಧಗಳನ್ನು ಪ್ರಕಟಿಸುತ್ತ ಬಂದಿದೆ.

ಧಾರವಾಡದ 765ಕ್ಕೂ ಕಾವಲು ಬಿಡುವಿನ ಈ ವಿದ್ಯೆ ತಲುಪಿದೆ. ಆಕಾಶವಾಣಿ ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಗೆ ಅಣಿಗೊಳಿಸಿದ ಮೀಡಿಯಂ ವೇವ್ ಪ್ರೇಷಕಗಳಲ್ಲಿ ಅದೂ ಒಂದು. ಡಿಆರ್‌ಎಂನ ಮೊದಲ ಮಾದರಿಯಲ್ಲಿ ಕಾವಲು ಬಿಡುವು 2.67 ಮಿಲಿಸೆಕೆಂಡ್. ಜಮಖಂಡಿಯ ಇರುಳಿನ 0.38 ಮಿಲಿಸೆಕೆಂಡಿನ ತಡ ಅದರಲ್ಲಿ ಏಳನೆಯ ಒಂದು ಪಾಲೂ ಅಲ್ಲ. ಆದರೆ ಆ ಸಂಕೇತ ಹಿಡಿಯುವ ಸೆಟ್ಟುಗಳು ಕೆಲವು ಹೊಸ ಕಾರುಗಳನ್ನು ಬಿಟ್ಟರೆ ಇನ್ನೂ ಅಪರೂಪ, ಮತ್ತು ಧಾರವಾಡ ಕೇಳಬೇಕೆನ್ನುವವರು ಈಗ ಫೋನಿನ ಆ್ಯಪ್‌ ತೆರೆಯುತ್ತಾರೆ.